ಗಿಟಾರ್ ಆಂಪ್ ಬರೀ ಗುಂಯ್ ಅನ್ನುತ್ತಿದೆ, ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ರಿಪೇರಿ ಮಾಡಬಹುದಾ?

ತುಂಗಭದ್ರಾ ತಂತಿ, ಗಂಗಾವತಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಸಹಾಯ ಬೇಕಿತ್ತು. ನನ್ನ ಹತ್ತಿರ ಒಂದು 20 ವ್ಯಾಟ್ ಗಿಟಾರ್ ಆಂಪ್ ಇದೆ. 8 ಇಂಚಿನ ಸ್ಪೀಕರ್, ವಾಲ್ವ್ (ಗಾಜಿನ ಟ್ಯೂಬ್) ಅಲ್ಲ, ಐಸಿ (ಚಿಪ್) ಇರುವ ಸಾದಾ ಪ್ರಾಕ್ಟೀಸ್ ಆಂಪ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಹಾಗಾಗಿ ಬಿಲ್ಲೂ ಇಲ್ಲ, ವಾರಂಟಿಯೂ ಇಲ್ಲ. ನಮ್ಮ ರಸಮಂಜರಿ ತಂಡದ ಪ್ರಾಕ್ಟೀಸ್ ನಡೆಯುತ್ತಿದ್ದಾಗ ಕರೆಂಟ್ ಹೋಗಿ ಬಂತು. ಬಂದ ಮೇಲೆ ಗಿಟಾರ್ ಸದ್ದೇ ಇಲ್ಲ, ಬರೀ ಜೋರಾಗಿ ಗುಂಯ್ ಅನ್ನುತ್ತದೆ. ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಅಷ್ಟೇ ಜೋರು. ಕೇಬಲ್ ತೆಗೆದು ನೋಡಿದೆ, ಬೇರೆ ಗಿಟಾರ್ ಹಾಕಿ ನೋಡಿದೆ, ಏನೂ ವ್ಯತ್ಯಾಸ ಇಲ್ಲ.

ಒಂದು ಅಂಗಡಿಯಲ್ಲಿ ತೋರಿಸಿದರೆ ಬೋರ್ಡ್ ಪೂರ್ತಿ ಹೋಗಿದೆ, ಹೊಸದು ಹಾಕಲು 2500 ಆಗುತ್ತೆ ಅಂದರು. ಮುಚ್ಚಳ ಬಿಚ್ಚಲೇ ಇಲ್ಲ, ಸದ್ದು ಕೇಳಿಯೇ ಹೇಳಿದ್ದು. ನನ್ನ ಬಜೆಟ್ 500, ತುಂಬಾ ಅಂದ್ರೆ 600. ಸೋಲ್ಡರಿಂಗ್ ಬರುತ್ತದೆ, ಗಿಟಾರ್ ಜ್ಯಾಕ್, ಕೇಬಲ್ ಎಲ್ಲಾ ನಾನೇ ಮಾಡಿಕೊಳ್ಳುತ್ತೇನೆ. ಸರ್ಕ್ಯೂಟ್ ಬಗ್ಗೆ ಜಾಸ್ತಿ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಹಳೇ ಮೈಕ್‌ಸೆಟ್, ಬಳ್ಳಾರಿ

ತಮ್ಮಾ, ಸ್ಪೀಕರ್ ವೈರ್ ಬಿಚ್ಚುವ ತನಕ ಅದನ್ನು ಇನ್ನೊಮ್ಮೆ ಆನ್ ಮಾಡಬೇಡ. ಇದು ಮೊದಲನೇ ಮಾತು.

ವಾಲ್ಯೂಮ್ ಇಳಿಸಿದರೂ ಗುಂಯ್ ಇಳಿಯಲ್ಲ ಅಂದರೆ ತೊಂದರೆ ವಾಲ್ಯೂಮ್ ಕಂಟ್ರೋಲ್ ದಾಟಿದ ಮೇಲಿನ ಭಾಗದಲ್ಲಿದೆ. ಅಂದರೆ ಪವರ್ ಐಸಿ, ಇಲ್ಲವೇ ಪವರ್ ಸಪ್ಲೈ. ಆನ್ ಮಾಡಿದ ಕೂಡಲೇ ಸ್ಪೀಕರ್ ಕೋನ್ ಒಳಗೋ ಹೊರಗೋ ಒಂದೇ ಕಡೆ ಜಗ್ಗಿಕೊಂಡು ನಿಲ್ಲುತ್ತಿತ್ತಾ? ಹಾಗಿದ್ದರೆ ಸ್ಪೀಕರ್‌ಗೆ ಡಿಸಿ, ಅಂದರೆ ಒಂದೇ ದಿಕ್ಕಿನ ಕರೆಂಟ್, ಹೋಗುತ್ತಿದೆ. ಲೆಕ್ಕ ಹಾಕು: ಡಿಸಿ 20 ವೋಲ್ಟ್, ಕಾಯಿಲ್ 7 ಓಮ್, ಅಂದರೆ ಸುಮಾರು 57 ವ್ಯಾಟ್ ಬರೀ ಬಿಸಿಯಾಗಿ ಹೋಗುತ್ತದೆ. ಕೋನ್ ಅಲುಗಾಡದೆ ನಿಂತಿರುವಾಗ ಒಳಗೆ ಗಾಳಿಯೂ ಆಡಲ್ಲ. 25 ವ್ಯಾಟ್ ಸ್ಪೀಕರ್ ಅದನ್ನು ಬಹಳ ಹೊತ್ತು ತಡೆಯಲ್ಲ. ಐಸಿ ನೂರಿನ್ನೂರು ರೂಪಾಯಿಯದು, ಸ್ಪೀಕರ್ ಸುಟ್ಟರೆ ನಿನ್ನ ಬಜೆಟ್ ಅಲ್ಲೇ ಮುಗಿಯಿತು.

ಸ್ಪೀಕರ್ ಬಿಚ್ಚಿ ಮಲ್ಟಿಮೀಟರ್‌ನಲ್ಲಿ ಓಮ್ ನೋಡು. 8 ಓಮ್ ಸ್ಪೀಕರ್ ಮೀಟರ್‌ನಲ್ಲಿ 6ರಿಂದ 7 ತೋರಿಸುತ್ತದೆ, ಅದು ಸರಿಯೇ. ಏನೂ ತೋರಿಸದಿದ್ದರೆ ಕಾಯಿಲ್ ಕಟ್. ಆಮೇಲೆ ಗಡಿಯಾರದ ಒಂದೂವರೆ ವೋಲ್ಟ್ ಸೆಲ್ ಹಿಡಿದು ವೈರ್ ಮುಟ್ಟಿಸು. ಟಪ್ ಅಂತ ಕೋನ್ ಕುಣಿಯಬೇಕು. ಬೆರಳು ಅಗಲಿಸಿ ಕೋನ್ ಮೇಲೆ ಸಮವಾಗಿ ಇಟ್ಟು ಮೆಲ್ಲಗೆ ಒತ್ತು, ಕರಕರ ಅಂದರೆ ಕಾಯಿಲ್ ಉಬ್ಬಿದೆ.

ಕೌಲ್‌ಬಜಾರ್ ಬೇಸ್, ಬಳ್ಳಾರಿ

ಇಷ್ಟೆಲ್ಲಾ ಯಾಕೆ ಬ್ರೋ. ಆನ್‌ಲೈನ್‌ನಲ್ಲಿ ರೆಡಿ ಆಂಪ್ಲಿಫೈಯರ್ ಬೋರ್ಡ್ 150–200ಕ್ಕೆ ಸಿಗುತ್ತೆ. ಹಳೇದನ್ನು ಕಿತ್ತು ಅದನ್ನು ಕೂರಿಸಿ, ಟ್ರಾನ್ಸ್‌ಫಾರ್ಮರ್ ಅದೇ ಇರಲಿ. ನನ್ನ ಗೆಳೆಯ ತನ್ನ ಹೋಮ್ ಥಿಯೇಟರ್‌ಗೆ ಹಾಗೇ ಮಾಡಿದ್ದಾನೆ, ಚೆನ್ನಾಗಿ ನಡೀತಿದೆ.

ರಾಯಚೂರು ರಿದಮ್

ಹೋಮ್ ಥಿಯೇಟರ್‌ಗೆ ಸರಿ ಬ್ರೋ, ಗಿಟಾರ್‌ಗೆ ಹಾಗೇ ಕೂರಿಸಿದರೆ ಎರಡು ತೊಂದರೆ ಇವೆ.

ಒಂದು, ಆ ಬೋರ್ಡ್‌ಗಳಿಗೆ ಮೊಬೈಲ್ ಅಥವಾ ಟಿವಿಯಿಂದ ಬರುವ ದೊಡ್ಡ ಸಿಗ್ನಲ್ ಬೇಕು. ಗಿಟಾರ್ ಪಿಕಪ್ ಕೊಡುವುದು ಅದರಲ್ಲಿ ಒಂದು ಸಣ್ಣ ಪಾಲು. ಅದಕ್ಕೇ ಗಿಟಾರ್ ಆಂಪ್‌ನಲ್ಲಿ ಪ್ರೀಆಂಪ್ ಇರುವುದು. ಪಿಕಪ್ ಅಂದರೆ ಸಾವಿರಾರು ಸುತ್ತಿನ ತೆಳ್ಳನೆ ತಂತಿ, ಮುಂದಿನ ಇನ್‌ಪುಟ್ 1 ಮೆಗಾಓಮ್ ಆಸುಪಾಸು ಇದ್ದರೆ ಮಾತ್ರ ಅದರ ಮೇಲ್ಸ್ವರ ಉಳಿಯುತ್ತದೆ. 10 ಕಿಲೋಓಮ್, 47 ಕಿಲೋಓಮ್‌ನ ಇನ್‌ಪುಟ್‌ಗೆ ನೇರ ಹಾಕಿದರೆ ಹೊಳಪೆಲ್ಲ ಹೋಗಿ ಮಂಕಾಗಿ ಕೇಳಿಸುತ್ತದೆ. ಮೈಕ್‌ಸೆಟ್ ಆಂಪ್ಲಿಫೈಯರ್‌ನ ಆಕ್ಸ್‌ಗೆ ಗಿಟಾರ್ ಹಾಕಿ ನೋಡಿದವರಿಗೆ ಇದು ಗೊತ್ತು.

ಎರಡು, ಅಗ್ಗದ ಬೋರ್ಡ್‌ಗಳಲ್ಲಿ ಬಹಳಷ್ಟು 12 ವೋಲ್ಟ್ ಸಿಂಗಲ್ ಸಪ್ಲೈಗೆ ಮಾಡಿದವು. ಗಿಟಾರ್ ಆಂಪ್‌ನಲ್ಲಿ ಸಾಮಾನ್ಯವಾಗಿ ಪ್ಲಸ್ 20, ಸೊನ್ನೆ, ಮೈನಸ್ 20 ಹೀಗೆ ಡಬಲ್ ಸಪ್ಲೈ ಇರುತ್ತದೆ. ನೋಡದೆ ಜೋಡಿಸಿದರೆ ಹೊಸ ಬೋರ್ಡೂ ಹೋಗುತ್ತದೆ. ಹಳೇ ಬೋರ್ಡ್‌ನ ತಾಮ್ರದ ಪಟ್ಟಿಗಳೇ ಸುಟ್ಟು ಕರಕಲಾಗಿದ್ದರೆ ಪವರ್ ಭಾಗಕ್ಕೆ ಮಾತ್ರ ಡಬಲ್ ಸಪ್ಲೈ ಬೋರ್ಡ್ ಹಾಕಿ ಪ್ರೀಆಂಪ್ ಉಳಿಸಿಕೊಳ್ಳಬಹುದು. ಆದರೆ ಅಳೆಯದೆ ಆ ನಿರ್ಧಾರಕ್ಕೆ ಬರಬೇಡಿ.

ಇನ್ನು ಆ ಗುಂಯ್ ಬಗ್ಗೆ. ನಿಮ್ಮ ಕಿವಿಯೇ ಒಂದು ಮೀಟರ್. ನಮ್ಮ ಕರೆಂಟ್ 50 ಹರ್ಟ್ಸ್. ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ಡಯೋಡ್‌ಗಳು) ದಾಟಿದ ಮೇಲೆ ಉಳಿಯುವ ಅಲೆ 100 ಹರ್ಟ್ಸ್. ಗಿಟಾರ್‌ನ ಆರನೇ ದಪ್ಪ ತಂತಿಯ 3ನೇ ಫ್ರೆಟ್ ಜಿ ಸ್ವರ 98 ಹರ್ಟ್ಸ್. ಆಂಪ್‌ನ ಗುಂಯ್ ಆ ಸ್ವರಕ್ಕೆ ಹತ್ತಿರ ಕೂತರೆ ಅದು ಪವರ್ ಸಪ್ಲೈ ಕಡೆಯದು: ಫಿಲ್ಟರ್ ಕೆಪಾಸಿಟರ್ ಒಣಗಿದೆ, ಅಥವಾ ಏನೋ ವಿಪರೀತ ಕರೆಂಟ್ ಎಳೆಯುತ್ತಿದೆ. ಅದಕ್ಕಿಂತ ಒಂದು ಆಕ್ಟೇವ್ ಕೆಳಗಿದ್ದರೆ ಅರ್ಥಿಂಗ್, ಕೇಬಲ್ ಶೀಲ್ಡ್ ಕಡೆ ಮೊದಲು ನೋಡಿ.

ತುಂಗಭದ್ರಾ ತಂತಿ, ಗಂಗಾವತಿ

ಎಲ್ಲರಿಗೂ ಥ್ಯಾಂಕ್ಸ್. ಹೌದು ಅಣ್ಣಾ, ಕೋನ್ ಒಳಗೆ ಜಗ್ಗಿಕೊಂಡು ನಿಲ್ಲುತ್ತಿತ್ತು. ಸ್ಪೀಕರ್ ಬಿಚ್ಚಿದೆ. 6.8 ಓಮ್ ತೋರಿಸುತ್ತಿದೆ, ಸೆಲ್ ಮುಟ್ಟಿಸಿದರೆ ಟಪ್ ಅನ್ನುತ್ತದೆ, ಕರಕರ ಇಲ್ಲ. ಗುಂಯ್ ಸ್ವರ ಆಗಲೇ ಗಮನಿಸಿದ್ದೆ, ಜಿ ಹತ್ತಿರವೇ ಇತ್ತು. ಮಲ್ಟಿಮೀಟರ್ ಪಕ್ಕದ ಮೋಟಾರ್ ವೈಂಡಿಂಗ್ ಅಂಗಡಿಯಿಂದ ತಂದಿದ್ದೇನೆ. ಈಗ ಆನ್ ಮಾಡಿ ಅಳೆಯಲಾ?

ಹಳೇ ಮೈಕ್‌ಸೆಟ್, ಬಳ್ಳಾರಿ

ಸ್ಪೀಕರ್ ಬದುಕಿದೆ, ಅರ್ಧ ಗೆದ್ದ ಹಾಗೆ. ನೇರ ಪ್ಲಗ್ ಹಾಕಬೇಡ. ಸೀರೀಸ್ ಬೋರ್ಡ್ ಮಾಡಿಕೋ. ಹಳೇ ರೇಡಿಯೋ, ಟಿವಿ ರಿಪೇರಿಯವರ ಟೇಬಲ್ ಮೇಲೆಲ್ಲ ಇರುತ್ತಿತ್ತಲ್ಲ, ಅದೇ. ಒಂದು ಹೋಲ್ಡರ್, ಒಂದು ಸಾಕೆಟ್, ಒಂದು ಸ್ವಿಚ್. ಫೇಸ್ ವೈರ್ ಬಲ್ಬ್ ಮೂಲಕ ಹೋಗಿ ಸಾಕೆಟ್‌ಗೆ ಬರಬೇಕು, ನ್ಯೂಟ್ರಲ್ ಮತ್ತು ಅರ್ಥ್ ನೇರ. ಬಲ್ಬ್ 60 ವ್ಯಾಟ್‌ನ ಹಳೇ ಗುಂಡು ಬಲ್ಬೇ ಆಗಬೇಕು, ಫಿಲಮೆಂಟ್ ಇರುವುದು. ಎಲ್‌ಇಡಿ ನಡೆಯಲ್ಲ. ಜಾಯಿಂಟ್‌ಗಳೆಲ್ಲ ಬಾಕ್ಸ್ ಒಳಗೆ ಇರಲಿ, ಇದು 230 ವೋಲ್ಟ್.

ಆಂಪ್ ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಕರೆಂಟ್ ಅಲ್ಲೇ ತಡೆದುಕೊಳ್ಳುತ್ತದೆ, ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ. ಶಾರ್ಟ್ ಇಲ್ಲದಿದ್ದರೆ ಒಂದು ಕ್ಷಣ ಮಿನುಗಿ ಮಂಕಾಗುತ್ತದೆ. ಆ ಮಿನುಗು ಕೆಪಾಸಿಟರ್ ತುಂಬಿಕೊಳ್ಳುವಾಗ ಬರುವುದು. ನಾಟಕ ಕಂಪನಿಯ ಮೈಕ್‌ಸೆಟ್‌ಗಳನ್ನು ಕಟ್ಟಿಕೊಂಡು ಊರೂರು ತಿರುಗುವಾಗ ನನ್ನ ಚೀಲದಲ್ಲಿ ಈ ಬೋರ್ಡ್ ಇಲ್ಲದ ದಿನ ಇರಲಿಲ್ಲ. ಇವತ್ತಿಗೂ ಯಾವ ಆಂಪ್ ಬಂದರೂ ಮೊದಲ ಕರೆಂಟ್ ಇದರ ಮೂಲಕವೇ.

ಅಳೆಯುವಾಗ ಒಂದೇ ಕೈ ಬಳಸು, ಇನ್ನೊಂದು ಕೈ ಜೇಬಿನಲ್ಲಿರಲಿ. ಕಾಲಿಗೆ ಒಣ ಚಪ್ಪಲಿ. ಸ್ವಿಚ್, ಫ್ಯೂಸ್, ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ ಕಡೆ ಬೆರಳು ಹೋಗಲೇಬಾರದು. ಏನಾದರೂ ಮುಟ್ಟುವ ಮೊದಲು ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಗೋಡೆಯಿಂದ ಕಿತ್ತು ಟೇಬಲ್ ಮೇಲೆ ಕಣ್ಣಿಗೆ ಕಾಣುವ ಹಾಗೆ ಇಟ್ಟುಕೋ. ದೊಡ್ಡ ಕೆಪಾಸಿಟರ್‌ಗಳ ಕಾಲಿಗೆ 5 ವ್ಯಾಟ್‌ನ 100 ಓಮ್ ರೆಸಿಸ್ಟರ್ ಕೆಲವು ಸೆಕೆಂಡ್ ಹಿಡಿದು ಖಾಲಿ ಮಾಡು. ಸ್ಕ್ರೂಡ್ರೈವರ್‌ನಿಂದ ಚಟ್ ಅನ್ನಿಸಬೇಡ.

ಕುಷ್ಟಗಿ ಕೀಬೋರ್ಡ್

ಇಲ್ಲಿ ಒಂದು ಮಾತು ಸೇರಿಸುತ್ತೇನೆ, ಇದನ್ನು ಓದುವ ಬೇರೆಯವರಿಗೂ ಉಪಯೋಗ ಆಗಲಿ. ಇವರ ಆಂಪ್‌ನಲ್ಲಿ ಗುಂಯ್ ಇದೆ, ಆದರೆ ನಮ್ಮ ಕಡೆ ಹೆಚ್ಚು ಆಂಪ್‌ಗಳು ಸದ್ದೇ ಇಲ್ಲದೆ ಸುಮ್ಮನಾಗುವುದು. ಲೈಟ್ ಉರಿಯುತ್ತೆ, ಸದ್ದು ಬರಲ್ಲ. ಅಂಥದ್ದಕ್ಕೆ ಸೋಲ್ಡರಿಂಗ್ ಕೂಡ ಬೇಕಾಗದೇ ಇರಬಹುದು.

ಹೆಡ್‌ಫೋನ್ ಜ್ಯಾಕ್ ಒಳಗೆ ಒಂದು ಸಣ್ಣ ಸ್ವಿಚ್ ಪಟ್ಟಿ ಇರುತ್ತದೆ. ಹೆಡ್‌ಫೋನ್ ಹಾಕಿದಾಗ ಅದು ಸ್ಪೀಕರ್ ಕಟ್ ಮಾಡುತ್ತದೆ, ತೆಗೆದಾಗ ಮತ್ತೆ ಜೋಡಿಸಬೇಕು. ಧೂಳು ಕೂತು ಅಥವಾ ಕಪ್ಪಾಗಿ ಅದು ಜೋಡಿಸದೇ ಹೋದರೆ ಆಂಪ್ ಸತ್ತ ಹಾಗೆ ಕಾಣುತ್ತದೆ. ಸಂಡೂರು, ಹೊಸಪೇಟೆ ಕಡೆ ಅದಿರು ಲಾರಿ ಓಡಾಡುವ ರಸ್ತೆ ಬದಿ ಮನೆ ಇದ್ದವರಿಗೆ ಆ ಕೆಂಪು ಧೂಳು ಎಲ್ಲೆಲ್ಲಿ ಹೋಗುತ್ತೆ ಅಂತ ಹೇಳಬೇಕಾಗಿಲ್ಲ. ಜ್ಯಾಕ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಸಲ ಹೊಡೆದು, ಪ್ಲಗ್ ಹಾಕಿ ತೆಗೆದು ಮಾಡಿದರೆ ಎಷ್ಟೋ ಸಲ ಸರಿ ಹೋಗುತ್ತದೆ.

ಹಿಂದೆ ಸೆಂಡ್, ರಿಟರ್ನ್ ಅಂತ ಎರಡು ಜ್ಯಾಕ್ (ಎಫೆಕ್ಟ್ ಪೆಡಲ್ ಜೋಡಿಸಲು) ಇದ್ದರೂ ಇದೇ ಕಥೆ. ಎರಡರ ನಡುವೆ ಒಂದು ಗಿಡ್ಡ ಕೇಬಲ್ ಹಾಕಿ ನೋಡಿ. ಸದ್ದು ಬಂದರೆ ರಿಟರ್ನ್ ಜ್ಯಾಕ್‌ನ ಪಟ್ಟಿಯೇ ಕಳ್ಳ. ಇನ್ನೂ ಒಂದು ಪರೀಕ್ಷೆ: ರಿಟರ್ನ್‌ಗೆ ಮೊಬೈಲ್‌ನಿಂದ ಹಾಡು ಕೊಡಿ, ವಾಲ್ಯೂಮ್ ಕಡಿಮೆ ಇಟ್ಟು. ಹಾಡು ಚೆನ್ನಾಗಿ ಬಂದರೆ ಪವರ್ ಭಾಗ ಗಟ್ಟಿ ಇದೆ, ತೊಂದರೆ ಪ್ರೀಆಂಪ್‌ನಲ್ಲಿ.

ಮತ್ತೆ ಇನ್‌ಪುಟ್ ಜ್ಯಾಕ್. ಅದರ ಕಾಲು ಬೋರ್ಡ್‌ಗೆ ನೇರ ಬೆಸೆದಿರುತ್ತದೆ, ಕೇಬಲ್ ಎಳೆದಾಡಿ ಸೋಲ್ಡರ್ ಸುತ್ತ ಉಂಗುರದ ಹಾಗೆ ಬಿರುಕು ಬಿಡುತ್ತದೆ. ಬರಿಗಣ್ಣಿಗೆ ಕಾಣದಿದ್ದರೆ ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ನೋಡಿ. ಹೊಸ ಸೋಲ್ಡರ್ ಸ್ವಲ್ಪ ಕೊಟ್ಟು ಬಿಸಿ ಮಾಡಿದರೆ ಸಾಕು.

ಆನೆಗೊಂದಿ ದಾರಿ

ನನ್ನದೂ ಒಂದು ಪ್ರಶ್ನೆ, ಹೊಸ ಚರ್ಚೆ ಶುರು ಮಾಡುವ ಬದಲು ಇಲ್ಲೇ ಕೇಳುತ್ತೇನೆ. ನಮ್ಮ ಗೆಸ್ಟ್‌ಹೌಸ್‌ನಲ್ಲಿ ಉಳಿದಿದ್ದ ಒಬ್ಬ ವಿದೇಶಿ ಪ್ರವಾಸಿ ಹೋಗುವಾಗ ಒಂದು ಸಣ್ಣ ಗಿಟಾರ್ ಆಂಪ್ ಬಿಟ್ಟು ಹೋದ. ಅಡಾಪ್ಟರ್ ಪಿನ್ ಹಾಕಿ ಯಾರೋ ಆನ್ ಮಾಡಿದ್ದಾರೆ, ಡಬ್ ಅಂದು ಬಂದ್ ಆಗಿದೆ. ಹಿಂದೆ 120 ವೋಲ್ಟ್ 60 ಹರ್ಟ್ಸ್ ಅಂತ ಬರೆದಿದೆ. ಫ್ಯೂಸ್ ಬದಲಿಸಿದರೆ ಸಾಕಾ?

ರಾಯಚೂರು ರಿದಮ್

ಸಾಕಾಗಲ್ಲ ಸರ್. 120 ವೋಲ್ಟ್‌ನ ಟ್ರಾನ್ಸ್‌ಫಾರ್ಮರ್‌ಗೆ 230 ಕೊಟ್ಟರೆ ಒಳಗೆಲ್ಲ ಹೆಚ್ಚೂಕಡಿಮೆ ಎರಡು ಪಟ್ಟು ವೋಲ್ಟೇಜ್. ಫ್ಯೂಸ್ ಬೇಗ ಹೋಗಿದ್ದರೆ ಅದೃಷ್ಟ. ಮೊದಲು ಪ್ಲಗ್ ಕಿತ್ತು, ಪವರ್ ಸ್ವಿಚ್ ಆನ್ ಸ್ಥಾನದಲ್ಲಿಟ್ಟು, ಫ್ಯೂಸ್ ಹಾಕಿ, ಪ್ಲಗ್‌ನ ಎರಡು ಚಪ್ಪಟೆ ಪಿನ್ ನಡುವೆ ಓಮ್ ಅಳೆಯಿರಿ. ಕೆಲವು ಹತ್ತು ಓಮ್‌ಗಳಷ್ಟು ತೋರಿಸಿದರೆ ಪ್ರೈಮರಿ ಸುರುಳಿ ಉಳಿದಿದೆ ಅನ್ನಬಹುದು. ಏನೂ ತೋರಿಸದಿದ್ದರೆ ಸುರುಳಿ ಕಟ್, ಅಥವಾ ಅದರ ಜೊತೆ ಸುತ್ತಿರುವ ಥರ್ಮಲ್ ಫ್ಯೂಸ್ ಹೋಗಿದೆ. ಉಳಿದಿದ್ದರೆ 230ರಿಂದ 110 ಮಾಡುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಸಣ್ಣ ಆಂಪ್‌ಗೆ 100 ವಿಎ ಸಾಕು.

ಅದು ವಾಲ್ವ್ ಆಂಪ್ ಆಗಿದ್ದರೆ ಮಾತ್ರ ದಯವಿಟ್ಟು ಬಿಚ್ಚಬೇಡಿ. ಹಿಂದೆ ಗಾಜಿನ ವಾಲ್ವ್ ಕಾಣುತ್ತವಾ ನೋಡಿ. ಅದರಲ್ಲಿ ಕೆಪಾಸಿಟರ್‌ಗಳು 300, 400 ವೋಲ್ಟ್ ಹಿಡಿದುಕೊಂಡಿರುತ್ತವೆ, ಪ್ಲಗ್ ಕಿತ್ತ ಮೇಲೂ. ಅದು ಜೀವ ತೆಗೆಯುತ್ತದೆ. ಮತ್ತೆ ವಾಲ್ವ್ ಆಂಪ್ ಅನ್ನು ಸ್ಪೀಕರ್ ಇಲ್ಲದೆ ಆನ್ ಮಾಡಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ. ಗಂಗಾವತಿಯವರಿಗೆ ಸ್ಪೀಕರ್ ಬಿಚ್ಚಿ ಆನ್ ಮಾಡಿ ಅಂದಿದ್ದು ಅದು ಐಸಿ ಆಂಪ್ ಆಗಿರುವುದರಿಂದ.

ತುಂಗಭದ್ರಾ ತಂತಿ, ಗಂಗಾವತಿ

ಸೀರೀಸ್ ಬೋರ್ಡ್ ಮಾಡಿದೆ. ರೀಡಿಂಗ್ ಹೀಗಿದೆ. ಸ್ಪೀಕರ್ ಇಲ್ಲದೆ ಆನ್ ಮಾಡಿದರೆ ಬಲ್ಬ್ ಮಿನುಗಿ ಮಂಕಾಗುತ್ತದೆ. ದೊಡ್ಡ ಕೆಪಾಸಿಟರ್ ಎರಡಿವೆ, 2200 ಮೈಕ್ರೋಫ್ಯಾರಡ್, 25 ವೋಲ್ಟ್. ಒಂದರ ಮೇಲೆ ಪ್ಲಸ್ 21.1, ಇನ್ನೊಂದರ ಮೇಲೆ ಮೈನಸ್ 20.8 ವೋಲ್ಟ್. ಸ್ಪೀಕರ್ ಹೋಗುವ ವೈರ್‌ನಲ್ಲಿ ಮೈನಸ್ 20.3 ವೋಲ್ಟ್ ಡಿಸಿ. ಐಸಿ ಮೇಲೆ ಟಿಡಿಎ2050 ಅಂತ ಇದೆ, 5 ಕಾಲು. ಟ್ರಾನ್ಸ್‌ಫಾರ್ಮರ್ ಮೇಲೆ 15-0-15.

ರಾಯಚೂರು ರಿದಮ್

ಬಹಳ ಒಳ್ಳೆಯ ರೀಡಿಂಗ್. ಇಷ್ಟರಲ್ಲೇ ರೋಗ ಸಿಕ್ಕಿತು.

ಪ್ಲಸ್ ಮೈನಸ್ ಎರಡೂ ಸಮ ಇವೆ. ಅಂದರೆ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್ ಸರಿ ಇವೆ. ಔಟ್‌ಪುಟ್‌ನಲ್ಲಿ ಸೊನ್ನೆ ಇರಬೇಕಿತ್ತು, 50 ಮಿಲಿವೋಲ್ಟ್ ಒಳಗೆ ಇದ್ದರೆ ಚಿಂತೆ ಇಲ್ಲ. ನಿಮಗೆ ಮೈನಸ್ ಸಪ್ಲೈ ಪೂರ್ತಿ ಅಲ್ಲಿಗೆ ಬಂದಿದೆ. ಐಸಿಯ 3ನೇ ಕಾಲು ಮೈನಸ್, 4ನೇ ಕಾಲು ಔಟ್‌ಪುಟ್. ಪ್ಲಗ್ ಕಿತ್ತು, ಕೆಪಾಸಿಟರ್ ಖಾಲಿ ಮಾಡಿ, ಇವೆರಡರ ನಡುವೆ ಓಮ್ ನೋಡಿ. ಒಂದು ಓಮ್ ಆಸುಪಾಸು ಬಂದರೆ ಐಸಿ ಒಳಗೆ ಶಾರ್ಟ್. ಸ್ಪೀಕರ್ ಜೋಡಿಸಿದ್ದಾಗ ಸುಮಾರು 3 ಆಂಪಿಯರ್ ಸತತ ಎಳೆಯುತ್ತಿತ್ತು, 2200ರ ಕೆಪಾಸಿಟರ್ ಅದನ್ನು ತಡೆಯಲಾರದೆ 100 ಹರ್ಟ್ಸ್ ಅಲೆ ಎದ್ದು ಅದೇ ಗುಂಯ್ ಆಗಿ ಕೇಳಿಸಿದ್ದು. ಬೋರ್ಡ್ ಹೋಗಿಲ್ಲ.

ಈಗ ಐಸಿ ತರುವಾಗ ಎಚ್ಚರ. ಅಂಗಡಿಯಲ್ಲಿ "2050 ಇಲ್ಲ, 2030 ತಗೊಳ್ಳಿ, ಕಾಲು ಒಂದೇ" ಅನ್ನುತ್ತಾರೆ. ಕಾಲು ಒಂದೇ, ತಾಕತ್ತು ಒಂದೇ ಅಲ್ಲ. ಟಿಡಿಎ2030 ತಡೆಯುವುದು ಪ್ಲಸ್ ಮೈನಸ್ 18 ವೋಲ್ಟ್. 2030ಎ ಆದರೆ 22. 2050 ಆದರೆ 25. ನಿಮ್ಮಲ್ಲಿ ಆಗಲೇ 21 ಇದೆ, ಅದೂ ಬಲ್ಬ್ ಮೂಲಕ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತದ ಪಂಪ್‌ಸೆಟ್ ಎಲ್ಲಾ ಬಂದ್ ಆದಾಗ ರಾತ್ರಿ ಲೈನ್ ವೋಲ್ಟೇಜ್ ಏರುವುದು ನಿಮಗೇ ಗೊತ್ತು. 230 ಹೋಗಿ 250 ಆದರೆ ನಿಮ್ಮ ಸಪ್ಲೈ 22, 23ಕ್ಕೆ ಮುಟ್ಟುತ್ತದೆ. 2030 ಹಾಕಿದರೆ ಆ ರಾತ್ರಿಯೇ ಹೋಗುತ್ತದೆ, 2030ಎ ಅಂಚಿನ ಮೇಲೆ ನಿಂತಿರುತ್ತದೆ.

ನನ್ನ ಸಲಹೆ ಎಲ್‌ಎಂ1875. 5 ಕಾಲೂ ಅದೇ ಕ್ರಮ, ಅದೇ ತೂತಿಗೆ ಕೂರುತ್ತದೆ, ಒಟ್ಟು 60 ವೋಲ್ಟ್ ಅಂದರೆ ಪ್ಲಸ್ ಮೈನಸ್ 30 ತನಕ ತಡೆಯುತ್ತದೆ. 2050ರ ಮೂಲ ಕಂಪನಿ ತಯಾರಿಕೆ ನಿಲ್ಲಿಸಿದೆ, ಈಗ ಸಿಗುವುದರಲ್ಲಿ ನಕಲಿ ಬಹಳ. ಫಿಲ್ಟರ್ ಕೆಪಾಸಿಟರ್ ಕೂಡ 25 ವೋಲ್ಟ್‌ನದು ತೆಗೆದು 35 ವೋಲ್ಟ್‌ನದು ಹಾಕಿ. ರಾಯಚೂರು, ಬಳ್ಳಾರಿ ಬೇಸಿಗೆಯಲ್ಲಿ ಕೋಣೆಯೇ 40 ಡಿಗ್ರಿ ಇರುತ್ತದೆ, ಮುಚ್ಚಿದ ಡಬ್ಬಿಯೊಳಗೆ ಇನ್ನೂ ಜಾಸ್ತಿ. 105 ಡಿಗ್ರಿ ಅಂತ ಬರೆದಿರುವ ಕೆಪಾಸಿಟರ್ ಕೇಳಿ, 85 ಬೇಡ.

ಕೌಲ್‌ಬಜಾರ್ ಬೇಸ್, ಬಳ್ಳಾರಿ

ಒಪ್ಪಿದೆ ರೀ, ಅಳೆದ ಮೇಲೆ ನೋಡಿದರೆ ಐಸಿ ಒಂದೇ ಬದಲಿಸುವುದು ಅಗ್ಗ. ಆದರೆ ಎಲ್‌ಎಂ1875 ನಮ್ಮ ಕಡೆ ಎಲ್ಲಿ ಸಿಗುತ್ತೆ? ಬೆಂಗಳೂರು ರಸ್ತೆಯ ಒಂದೆರಡು ಅಂಗಡಿಯಲ್ಲಿ ಕೇಳಿದ್ದೇನೆ, ಬರೀ 2030 ಇಡುತ್ತಾರೆ.

ಹಳೇ ಮೈಕ್‌ಸೆಟ್, ಬಳ್ಳಾರಿ

ನಾನು ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತರಿಸುತ್ತೇನೆ. ಹಂಪಿ ಎಕ್ಸ್‌ಪ್ರೆಸ್‌ಗೆ ಬೆಂಗಳೂರಿಗೆ ಹೋಗುವವರು ಯಾರಾದರೂ ಇದ್ದರೆ ಚೀಟಿಯಲ್ಲಿ ನಂಬರ್ ಬರೆದು ಕೊಡುವುದು. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ, ಕೋಠಿಯ ಗುಜರಾತಿ ಗಲ್ಲಿಯಲ್ಲಿ ಎಲ್ಲಾ ಸಿಗುತ್ತದೆ. ಒಂದಲ್ಲ, ಎರಡು ತಗೋ ತಮ್ಮಾ. ಒಂದು ಜೋಪಾನವಾಗಿ ಇಟ್ಟುಕೋ.

ಈಗ ಕೀಳುವ ವಿಧಾನ. ಹಳೇ ಐಸಿ ಹೇಗೂ ಸತ್ತಿದೆ, ಅದನ್ನು ಇಡಿಯಾಗಿ ಕೀಳಲು ಹೋದರೆ ಬೋರ್ಡ್ ಪಟ್ಟಿ ಎದ್ದು ಬರುತ್ತದೆ. ಮೊದಲು ಕಟಿಂಗ್ ಪ್ಲೇಯರ್‌ನಿಂದ 5 ಕಾಲನ್ನೂ ಐಸಿ ಬುಡದಲ್ಲಿ ಕತ್ತರಿಸು. ಆಮೇಲೆ ಒಂದೊಂದೇ ಕಾಲಿಗೆ ಬಿಸಿ ಕೊಟ್ಟು ಚಿಮಟದಲ್ಲಿ ಎಳೆ. ಬೋರ್ಡ್‌ಗೆ ನೋವಾಗಲ್ಲ.

ಹೊಸದು ಹಾಕುವ ಮುಂಚೆ ಹಳೇದು ಯಾಕೆ ಸತ್ತಿತು ಅಂತ ಹುಡುಕು. ಇದನ್ನು ಬಿಟ್ಟವರೇ ಎರಡನೇ ಐಸಿಯನ್ನೂ ಸುಡುವುದು. ಔಟ್‌ಪುಟ್ ಕಾಲಿನಿಂದ ಗ್ರೌಂಡ್‌ಗೆ ಒಂದು ಸಣ್ಣ ರೆಸಿಸ್ಟರ್, ಅದರ ಹಿಂದೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ, 1 ಓಮ್ ಮತ್ತು 0.1 ಅಥವಾ 0.22 ಮೈಕ್ರೋಫ್ಯಾರಡ್. ಕಿವಿಗೆ ಕೇಳದ ಎತ್ತರದಲ್ಲಿ ಐಸಿ ತನ್ನಷ್ಟಕ್ಕೆ ಕಂಪಿಸದ ಹಾಗೆ ಅವು ಹಿಡಿದಿರುತ್ತವೆ. ಆ ರೆಸಿಸ್ಟರ್ ಸುಟ್ಟಿದ್ದರೆ ಹೊಸ ಐಸಿಯೂ ಸುಮ್ನೆ ಕಾದು ಕಾದು ಹೋಗುತ್ತದೆ. ಔಟ್‌ಪುಟ್‌ನಿಂದ ಪ್ಲಸ್‌ಗೂ ಮೈನಸ್‌ಗೂ ಒಂದೊಂದು ಡಯೋಡ್ ಇದ್ದರೆ ಅದನ್ನೂ ನೋಡು. 1ಎನ್4007 ಹಾಕಬಹುದು, ಎರಡು ರೂಪಾಯಿಯದು.

ಮತ್ತೆ ಮೈಕಾ. ಐಸಿಯ ಬೆನ್ನಿನ ಲೋಹ 3ನೇ ಕಾಲಿಗೆ ಸೇರಿದೆ, ಅಂದರೆ ಅದರಲ್ಲಿ ಮೈನಸ್ 20 ವೋಲ್ಟ್ ಇರುತ್ತದೆ. ಹೀಟ್‌ಸಿಂಕ್ (ಐಸಿಯ ಬಿಸಿ ಹೊರಹಾಕುವ ಲೋಹ) ಚಾಸಿಗೆ ತಾಗಿದ್ದರೆ ನಡುವೆ ಕರೆಂಟ್ ದಾಟಿಸದ ಮೈಕಾ ಹಾಳೆ, ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಬೇಕೇ ಬೇಕು. ಎರಡೂ ಬದಿಗೆ ಹೀಟ್‌ಸಿಂಕ್ ಪೇಸ್ಟ್ ತೆಳ್ಳಗೆ ಹಚ್ಚು, ಬಳಿಯಬೇಡ. ಬಿಗಿ ಮಾಡಿದ ಮೇಲೆ ಐಸಿ ಬೆನ್ನಿಗೂ ಹೀಟ್‌ಸಿಂಕ್‌ಗೂ ಮೀಟರ್ ಹಿಡಿ, ಬೀಪ್ ಅನ್ನಬಾರದು.

ಕುಷ್ಟಗಿ ಕೀಬೋರ್ಡ್

ತಂತಿ ಅವರೇ, ಸ್ಪೀಕರ್ ಮೈನಸ್ ವೈರ್ ಎಲ್ಲಿಗೆ ಹೋಗಿದೆ ಅಂತಲೂ ಒಮ್ಮೆ ನೋಡಿಕೊಳ್ಳಿ. ಕೆಲವು ಗಿಟಾರ್ ಆಂಪ್‌ಗಳಲ್ಲಿ ಅದು ನೇರ ಗ್ರೌಂಡ್‌ಗೆ ಹೋಗಲ್ಲ, ಅರ್ಧ ಓಮ್‌ಗಿಂತ ಕಡಿಮೆಯ ಒಂದು ರೆಸಿಸ್ಟರ್ ಮೂಲಕ ಹೋಗುತ್ತದೆ. ಗಿಟಾರ್ ಟೋನ್‌ಗೆ ಬೇಕು ಅಂತಲೇ ಹಾಗೆ ಮಾಡಿರುತ್ತಾರೆ. ಸ್ಪೀಕರ್ ಮೈನಸ್ ಅನ್ನು ಚಾಸಿಗೆ ಕಟ್ಟಿದರೆ ಟೋನೂ ಬದಲಾಗುತ್ತೆ, ವಾಲ್ಯೂಮೂ ಬದಲಾಗುತ್ತೆ. ಬಿಚ್ಚುವ ಮೊದಲು ಎಲ್ಲಾ ವೈರ್‌ನ ಫೋಟೋ ತೆಗೆದಿಟ್ಟುಕೊಳ್ಳಿ.

ತುಂಗಭದ್ರಾ ತಂತಿ, ಗಂಗಾವತಿ

ಅಣ್ಣಾ, ಅಕ್ಕಾ, ನೀವು ಹೇಳಿದ್ದು ಸರಿ. 3 ಮತ್ತು 4ನೇ ಕಾಲು ನಡುವೆ 0.6 ಓಮ್. ಹಳೇ ಐಸಿ ಕತ್ತರಿಸಿ ತೆಗೆದೆ, ಪಟ್ಟಿ ಒಂದೂ ಎದ್ದಿಲ್ಲ. ಹಿಂದಿನ ಪೇಸ್ಟ್ ಸುಣ್ಣದ ಪುಡಿಯ ಹಾಗೆ ಒಣಗಿತ್ತು. ಆ 1 ಓಮ್ ರೆಸಿಸ್ಟರ್ ಕಪ್ಪಾಗಿ ಕಟ್ ಆಗಿದೆ! ಅದು ಐಸಿ ಹಿಂದೆಯೇ ಮರೆಯಾಗಿತ್ತು, ನೀವು ಹೇಳದಿದ್ದರೆ ಕಾಣುತ್ತಲೇ ಇರಲಿಲ್ಲ. ಡಯೋಡ್ ಎರಡೂ ಸರಿ ಇವೆ. ಸ್ಪೀಕರ್ ಮೈನಸ್ 0.22 ಓಮ್‌ನ ಬಿಳಿ ರೆಸಿಸ್ಟರ್ ಮೂಲಕವೇ ಹೋಗಿದೆ, ಹಾಗೇ ಬಿಟ್ಟಿದ್ದೇನೆ.

ಎಸ್‌ಪಿ ರಸ್ತೆಯಿಂದ ಗೆಳೆಯ ತಂದುಕೊಟ್ಟ. ಎಲ್‌ಎಂ1875 ಒಂದಕ್ಕೆ 140ರ ಹಾಗೆ ಎರಡು, ಕೆಪಾಸಿಟರ್ ಎರಡಕ್ಕೆ 60, ಮೈಕಾ, ಬುಷ್, ಪೇಸ್ಟ್ ಸೇರಿ 40, ರೆಸಿಸ್ಟರ್ ಮತ್ತು ಸಣ್ಣ ಕೆಪಾಸಿಟರ್ 10. ಒಟ್ಟು 390.

ಸೀರೀಸ್ ಬೋರ್ಡ್ ಮೂಲಕ ಆನ್ ಮಾಡಿದೆ, ಬಲ್ಬ್ ಮಿನುಗಿ ಮಂಕಾಯಿತು. ಔಟ್‌ಪುಟ್ ಡಿಸಿ 14 ಮಿಲಿವೋಲ್ಟ್. ಸ್ವಲ್ಪ ಹೊತ್ತು ಬಿಟ್ಟೆ, ಹೀಟ್‌ಸಿಂಕ್ ಬೆಚ್ಚಗಿದೆ ಅಷ್ಟೇ. ಆಮೇಲೆ ಸ್ಪೀಕರ್ ಜೋಡಿಸಿ ಗಿಟಾರ್ ಹಾಕಿದೆ. ಸದ್ದು ಬಂತು! ಮೊದಲಿಗಿಂತ ಸ್ವಚ್ಛ ಕೇಳಿಸುತ್ತಿದೆ. ತುಂಬಾ ಖುಷಿಯಾಗಿದೆ, ಏನು ಹೇಳಬೇಕೋ ತಿಳಿಯುತ್ತಿಲ್ಲ.

ಎರಡು ಚಿಕ್ಕ ತೊಂದರೆ ಉಳಿದಿವೆ. ವಾಲ್ಯೂಮ್ ತಿರುಗಿಸಿದರೆ ಕರ್ ಕರ್ ಅನ್ನುತ್ತದೆ. ಮತ್ತೆ ತಂತಿ ಮುಟ್ಟಿದಾಗ ಕೈಗೆ ಸ್ವಲ್ಪ ಜುಂ ಅನ್ನುತ್ತದೆ, ಪ್ರಾಕ್ಟೀಸ್ ರೂಮಿನಲ್ಲಿ ಮಾತ್ರ, ನಮ್ಮ ಮನೆಯಲ್ಲಿ ಇಲ್ಲ.

ರಾಯಚೂರು ರಿದಮ್

ಮೊದಲನೆಯದು ಧೂಳು. ಕಾಂಟ್ಯಾಕ್ಟ್ ಕ್ಲೀನರ್ ಕಂಟ್ರೋಲ್ ಒಳಗೆ ಹೊಡೆದು ಆ ತುದಿಯಿಂದ ಈ ತುದಿಗೆ ಚೆನ್ನಾಗಿ ತಿರುಗಿಸಿ. ಪೆಟ್ರೋಲ್, ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಇವೆಲ್ಲ ಬೇಡ, ಎಣ್ಣೆಗೆ ಮತ್ತೆ ಧೂಳು ಅಂಟುತ್ತದೆ.

ಎರಡನೆಯದು ಚಿಕ್ಕದಲ್ಲ. ದಯವಿಟ್ಟು ಆ ರೂಮಿನಲ್ಲಿ ಸರಿ ಮಾಡಿಸುವ ತನಕ ನುಡಿಸಬೇಡಿ. ಗಿಟಾರ್ ತಂತಿ ಕೇಬಲ್ ಶೀಲ್ಡ್ ಮೂಲಕ ಆಂಪ್ ಚಾಸಿಗೆ ಸೇರಿರುತ್ತದೆ. ತಂತಿ ಮುಟ್ಟಿದಾಗ ಗುಂಯ್ ಕಡಿಮೆ ಆಗುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ಕೈ ಜುಂ ಅಂದರೆ ಮಾತ್ರ ಆ ಸಾಕೆಟ್‌ನಲ್ಲಿ ಅರ್ಥ್ ಇಲ್ಲ ಅಂತ ಅರ್ಥ. ಹಳೇ ಕಟ್ಟಡಗಳಲ್ಲಿ ಮೂರನೇ ತೂತು ಇರುತ್ತದೆ, ಅದರ ಹಿಂದೆ ವೈರೇ ಇರಲ್ಲ. ನಿಮ್ಮ ಕೈ ತಂತಿ ಮೇಲೆ, ತುಟಿ ಮೈಕ್ ಮೇಲೆ, ಮೈಕ್ ಬೇರೆ ಆಂಪ್ಲಿಫೈಯರ್‌ನದು. ಎರಡರ ಅರ್ಥ್ ಬೇರೆ ಬೇರೆ ಆದರೆ ಆ ಕರೆಂಟ್ ನಿಮ್ಮ ಎದೆಯ ಮೂಲಕವೇ ದಾಟುತ್ತದೆ. ವೇದಿಕೆ ಮೇಲೆ ಹೀಗೆ ಜೀವ ಹೋಗಿದೆ.

ಎಲೆಕ್ಟ್ರಿಷಿಯನ್ ಕರೆದು ಅರ್ಥಿಂಗ್ ಮಾಡಿಸಿ, 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಂದ್ ಮಾಡುವ ಸ್ವಿಚ್) ಹಾಕಿಸಿ. ಆಂಪ್, ಮಿಕ್ಸರ್, ಕೀಬೋರ್ಡ್ ಎಲ್ಲಾ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ನಿಂದ ಬರಲಿ. ಗುಂಯ್ ಕಡಿಮೆ ಆಗುತ್ತೆ ಅಂತ ಅರ್ಥ್ ಪಿನ್ ಕತ್ತರಿಸುವವರಿದ್ದಾರೆ, ಅವರ ಮಾತು ಕೇಳಬೇಡಿ. ಫ್ಯೂಸ್ ಜಾಗಕ್ಕೆ ತಾಮ್ರದ ಎಳೆ ಸುತ್ತುವವರ ಮಾತೂ ಬೇಡ. ಫ್ಯೂಸ್ ಮೇಲೆ ಟಿ ಅಂತ ಇದ್ದರೆ ನಿಧಾನದ್ದು, ಅಷ್ಟೇ ಆಂಪಿಯರ್‌ನ ಅದೇ ಬಗೆಯದು ಹಾಕಿ.

ಸಿಂಧನೂರು ಓದುಗ

ನಡುವೆ ಬಂದೆ. ಕರೆಂಟ್ ಹೋಗಿ ಬಂದಾಗಲೇ ಇದು ಹೋಗಿದ್ದಲ್ವಾ, ಸ್ಟೆಬಿಲೈಸರ್ ತಗೊಳ್ಳಬೇಕಾ? ಇನ್ವರ್ಟರ್ ಮೇಲೆ ಆಂಪ್ ಹಾಕಬಹುದಾ? ನಮ್ಮಲ್ಲಿ ಇನ್ವರ್ಟರ್ ಮೇಲೆ ಹಾಕಿದರೆ ಜೀರುಂಡೆ ಕೂಗಿದ ಹಾಗೆ ಸದ್ದು ಬರುತ್ತದೆ.

ಹಳೇ ಮೈಕ್‌ಸೆಟ್, ಬಳ್ಳಾರಿ

ಈ ಆಂಪ್‌ನ ಐಸಿ ಮೊದಲೇ ಸೋತಿತ್ತು, ಪೇಸ್ಟ್ ಒಣಗಿ, ರೆಸಿಸ್ಟರ್ ಸುಟ್ಟು. ಕರೆಂಟ್ ಬಂದ ಹೊಡೆತ ಕೊನೆಯ ತಳ್ಳು ಅಷ್ಟೇ. ಸ್ಟೆಬಿಲೈಸರ್‌ಗೆ ದುಡ್ಡು ಹಾಕುವ ಮುಂಚೆ ಒಂದು ರೂಢಿ ಮಾಡಿಕೊಳ್ಳಿ: ಕರೆಂಟ್ ಹೋದ ಕೂಡಲೇ ಆಂಪ್ ಸ್ವಿಚ್ ಆಫ್. ಬಂದ ಮೇಲೆ ಫ್ಯಾನ್, ಲೈಟ್ ಸ್ಥಿರ ಆಗುವುದನ್ನು ನೋಡಿ ಆನ್. ಇನ್ವರ್ಟರ್ ಸ್ಕ್ವೇರ್ ವೇವ್ ಆಗಿದ್ದರೆ ಆ ಜೀರುಂಡೆ ಸದ್ದು ಹೋಗಲ್ಲ, ಟ್ರಾನ್ಸ್‌ಫಾರ್ಮರ್ ಕೂಡ ಜಾಸ್ತಿ ಕಾಯುತ್ತದೆ. ಸೈನ್ ವೇವ್ ಇನ್ವರ್ಟರ್ ಆದರೆ ತೊಂದರೆ ಇಲ್ಲ.

ತಂತಿ ತಮ್ಮಾ, ಒಳ್ಳೆ ಕೆಲಸ ಮಾಡಿದ್ದೀಯ. ಪ್ರತಿ ಬೇಸಿಗೆ ಮುಂಚೆ ಒಮ್ಮೆ ಬಿಚ್ಚಿ ಧೂಳು ತೆಗೆದು ಹೀಟ್‌ಸಿಂಕ್ ಸ್ಕ್ರೂ ಬಿಗಿ ನೋಡು. ಮುಂದೆ ಯಾವಾಗಲಾದರೂ ಸ್ಪೀಕರ್ ಹೋದರೆ ಹೋಮ್ ಥಿಯೇಟರ್‌ನ ರಬ್ಬರ್ ಅಂಚಿನ ವೂಫರ್ ಹಾಕಬೇಡ, ಗಿಟಾರ್ ಸದ್ದು ಮುಚ್ಚಿದ ಹಾಗಾಗುತ್ತದೆ. ಗಟ್ಟಿ ಪೇಪರ್ ಅಂಚಿನದೇ ಬೇಕು.

ತುಂಗಭದ್ರಾ ತಂತಿ, ಗಂಗಾವತಿ

ಅರ್ಥಿಂಗ್ ಮಾಡಿಸುವ ತನಕ ಪ್ರಾಕ್ಟೀಸ್ ನಮ್ಮ ಮನೆಯಲ್ಲೇ ಅಂತ ತಂಡದವರಿಗೆ ಹೇಳಿದ್ದೇನೆ, ಎಲ್ಲರೂ ಒಪ್ಪಿದ್ದಾರೆ. ಎಲೆಕ್ಟ್ರಿಷಿಯನ್ ಬಂದು ನೋಡಿದರು, ನೀವು ಹೇಳಿದ ಹಾಗೇ ಸಾಕೆಟ್ ಹಿಂದೆ ಅರ್ಥ್ ವೈರ್ ಇರಲಿಲ್ಲ. ಕ್ಲೀನರ್‌ನಿಂದ ಕರ್ ಕರ್ ಕೂಡ ಹೋಯಿತು. ಉಳಿದ ಒಂದು ಐಸಿ ಇದೆ, ಸುತ್ತಮುತ್ತ ಯಾರಿಗಾದರೂ ತುರ್ತು ಬೇಕಾದರೆ ಕೇಳಿ.

ಆನೆಗೊಂದಿ ದಾರಿ

ನನ್ನ ಆಂಪ್ ಕಥೆಯೂ ಹೇಳಿಬಿಡುತ್ತೇನೆ. ವಾಲ್ವ್ ಇಲ್ಲ, ಐಸಿ ಆಂಪ್. ಪ್ಲಗ್‌ನಲ್ಲಿ 38 ಓಮ್ ತೋರಿಸಿತು, ಹೊಸ ಫ್ಯೂಸ್ ಹಾಕಿ ಸ್ಟೆಪ್‌ಡೌನ್‌ನಿಂದ ಕೊಟ್ಟೆ, ಬಂತು. ಗೆಸ್ಟ್‌ಹೌಸ್‌ನಲ್ಲಿ ಬೇರೆಯವರೂ ಮುಟ್ಟುತ್ತಾರೆ, ಮತ್ತೆ ಯಾರಾದರೂ ಗೋಡೆಗೆ ನೇರ ಹಾಕಿದರೆ ಅಂತ ಭಯ.

ರಾಯಚೂರು ರಿದಮ್

ಆ ಅಡಾಪ್ಟರ್ ಪಿನ್ ಮೊದಲು ಎಸೆಯಿರಿ ಸರ್. ಚಪ್ಪಟೆ ಪಿನ್ ಹಾಗೇ ಇರಲಿ, ನಮ್ಮ ಗುಂಡು ಪಿನ್ ಸಾಕೆಟ್‌ಗೆ ಅದು ಹೋಗಲ್ಲ. ಆದರೆ ಎಲ್ಲಾ ಬಗೆ ಪಿನ್ ಹಿಡಿಯುವ ಎಕ್ಸ್‌ಟೆನ್ಷನ್ ಬೋರ್ಡ್‌ಗಳಿಗೆ ಹೋಗುತ್ತದೆ, ಗೆಸ್ಟ್‌ಹೌಸ್‌ಗಳಲ್ಲಿ ಅವೇ ಜಾಸ್ತಿ. ಹಾಗಾಗಿ ಸ್ಟೆಪ್‌ಡೌನ್ ಅನ್ನು ಆಂಪ್ ಹಿಂದಿನ ಖಾಲಿ ಜಾಗದಲ್ಲೇ ಸ್ಕ್ರೂ ಹಾಕಿ ಕೂರಿಸಿ, ಗಾಳಿಯಾಡಲು ಜಾಗ ಬಿಡಿ, ಸ್ಪೀಕರ್ ಮ್ಯಾಗ್ನೆಟ್ ಮತ್ತು ಇನ್‌ಪುಟ್ ಜ್ಯಾಕ್‌ನಿಂದ ದೂರ ಇರಲಿ, ಇಲ್ಲದಿದ್ದರೆ ಅದರ 50 ಹರ್ಟ್ಸ್ ಗುಂಯ್ ಒಳಗೆ ಬರುತ್ತದೆ. ಹೊರಗೆ ಬರುವುದು 230ರ ಮೂರು ಪಿನ್ ವೈರ್ ಒಂದೇ ಆಗಿರಲಿ, ಅದರ ಅರ್ಥ್ ನೇರ ಆಂಪ್ ಚಾಸಿಗೆ.